ಐವತ್ತು ದಾಟಿದ ಮೇಲೆ ಓಟ: ನಿಲ್ಲಿಸಬೇಕಾ, ಮುಂದುವರಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ಹಾಸನದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇದೆ. ನಾಲ್ಕು ವರ್ಷದಿಂದ ವಾರಕ್ಕೆ ಐದು ದಿನ ಹಾಸನಾಂಬ ಕ್ರೀಡಾಂಗಣದಲ್ಲಿ 5 ಕಿ.ಮೀ. ಓಡುತ್ತೇನೆ. ಒಂಬತ್ತು ಕೆ.ಜಿ. ಇಳಿದಿದ್ದೇನೆ. ಸಿಗರೇಟನ್ನು 45ನೇ ವಯಸ್ಸಿಗೇ ಬಿಟ್ಟೆ. ನಮ್ಮಪ್ಪ 52ಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋದರು. 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಸಾಲು ಸಾಲಾಗಿ ಸಾವಾದಾಗಿನಿಂದ ಮನೆಯವರು "ಓಡಬೇಡಿ, ವಾಕಿಂಗ್ ಸಾಕು" ಅನ್ನುತ್ತಿದ್ದಾರೆ. ಸ್ನೇಹಿತರು ಹಾಫ್ ಮ್ಯಾರಥಾನ್‌ಗೆ ಕರೆಯುತ್ತಿದ್ದಾರೆ. ಎರಡು ವರ್ಷದ ಹಿಂದೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿದ್ದೆ, ನಾರ್ಮಲ್ ಬಂದಿತ್ತು. ಈ ವಯಸ್ಸಿನಲ್ಲಿ ಓಟ ಹೃದಯಕ್ಕೆ ಒಳ್ಳೆಯದಾ, ಕೆಟ್ಟದ್ದಾ? ಅಂದ ಹಾಗೆ, ಎರಡು ತಿಂಗಳಿಂದ ಮೊದಲ ಒಂದೆರಡು ಸುತ್ತಿನಲ್ಲಿ ಎದೆ ಮಧ್ಯೆ ಸ್ವಲ್ಪ ಉರಿಯುತ್ತದೆ. ನಿಧಾನ ಮಾಡಿದರೆ ಹೋಗುತ್ತದೆ. ಗ್ಯಾಸ್ ಇರಬೇಕು.

ಉತ್ತರ: ನಿಮ್ಮ ಕೊನೆಯ ಸಾಲುಗಳಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಆಮೇಲೆ.

ಓಡಲು ಶುರು ಮಾಡಿದಾಗ ಎದೆ ನಡುವೆ ಉರಿ. ನಿಧಾನ ಮಾಡಿದರೆ ಹೋಗುತ್ತದೆ. ಎರಡು ತಿಂಗಳಿಂದ ಹೊಸದಾಗಿ ಬಂದಿದೆ. ಇದನ್ನು ನೀವು "ಅಂದ ಹಾಗೆ" ಅಂತ ಸೇರಿಸಿದ್ದೀರಿ. ನನ್ನ ಕಣ್ಣಿಗೆ ಮಾತ್ರ ಇಡೀ ಪತ್ರದಲ್ಲಿ ಬಿದ್ದಿದ್ದು ಇದೇ.

ಊಟವಾದ ಮೇಲೆ, ಮಲಗಿದಾಗ, ಬಗ್ಗಿದಾಗ ಉರಿ ಬಂದರೆ ಹೊಟ್ಟೆಯ ಕಡೆ ನೋಡಬಹುದು. ಮೈಗೆ ಕೆಲಸ ಕೊಟ್ಟಾಗ ಬಂದು, ಕೆಲಸ ಕಡಿಮೆ ಮಾಡಿದಾಗ ಹೋಗುವ ಉರಿ, ಬಿಗಿತ, ಭಾರ ಯಾವುದೇ ಇರಲಿ, ಅದು ಹೃದಯದ್ದು ಎಂದೇ ಹಿಡಿಯಬೇಕು. ಹೃದಯದ್ದಲ್ಲ ಅಂತ ಪರೀಕ್ಷೆ ಹೇಳಲಿ, ನಾವೇ ಹೇಳಿಕೊಳ್ಳುವುದು ಬೇಡ. ಇದಕ್ಕೆ ಆಂಜೈನಾ ಎನ್ನುತ್ತಾರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಿರಿದಾಗಿದ್ದರೆ, ಸುಮ್ನೆ ಕೂತಾಗ ಸಾಕಾಗುವ ರಕ್ತ ಓಡುವಾಗ ಸಾಕಾಗುವುದಿಲ್ಲ. ಆಗ ಸ್ನಾಯು ಕೂಗಿಕೊಳ್ಳುತ್ತದೆ. ಎಲ್ಲರಿಗೂ ಅದು ನೋವಾಗಿ ಬರುವುದಿಲ್ಲ. ಕೆಲವರಿಗೆ ಉರಿ. ಕೆಲವರಿಗೆ ದವಡೆ, ಗಂಟಲು, ಎಡಗೈ ಹಿಡಿದಂತೆ. ಸಕ್ಕರೆ ಕಾಯಿಲೆ ಇರುವ ಕೆಲವರಿಗೆ ಬರೀ ಏದುಸಿರು, ಅಷ್ಟೇ.

ಇನ್ನೊಂದು ಮೋಸವಿದೆ. ಮೊದಲ ಐದು ಹತ್ತು ನಿಮಿಷ ಕಾಡಿ, ಮೈ ಬಿಸಿಯಾದ ಮೇಲೆ ಓಡುತ್ತಲೇ ಇದ್ದರೂ ಮಾಯವಾಗುವ ಆಂಜೈನಾ ಉಂಟು. "ನೋಡಿ, ಆಮೇಲೆ ಹತ್ತು ಸುತ್ತು ಆರಾಮಾಗಿ ಹೊಡೆದೆ, ಹೃದಯದ್ದಾಗಿದ್ದರೆ ಆಗುತ್ತಿತ್ತಾ?" ಅಂತ ಕೇಳಿದವರನ್ನು ನಾನು ಕಂಡಿದ್ದೇನೆ. ಆಗುತ್ತದೆ.

ಆದ್ದರಿಂದ ನಾಳೆ ಓಡಬೇಡಿ. ಉರಿ ಬಾರದಷ್ಟು ನಿಧಾನವಾಗಿ ನಡೆಯಿರಿ, ಸಾಕು. ಈ ವಾರವೇ ಹೃದಯದ ಡಾಕ್ಟರನ್ನು ಕಾಣಿ. ಈ ನಡುವೆ ಕೂತಾಗಲೇ ಉರಿ ಬಂದರೆ, ಹತ್ತು ಹದಿನೈದು ನಿಮಿಷವಾದರೂ ಹೋಗದಿದ್ದರೆ, ತಣ್ಣನೆಯ ಬೆವರು ಕಿತ್ತುಕೊಂಡರೆ ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ.

ಇಷ್ಟು ಹೇಳಿದ ಮೇಲೆ, ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಓಟ ಒಳ್ಳೆಯದು. ನಿಮ್ಮ ವಯಸ್ಸಿನವರಿಗೂ ಒಳ್ಳೆಯದು, ಅರವತ್ತು ದಾಟಿದವರಿಗೂ ಒಳ್ಳೆಯದು. ಇದನ್ನು ನಾನು ಹಿಂಜರಿಯದೆ ಹೇಳುತ್ತೇನೆ. ಆದರೆ ಓಟ ಮಾಡುವ ಕೆಲಸ ಒಂದು, ನಾವು ಅದರಿಂದ ಬಯಸುವ ಕೆಲಸ ಇನ್ನೊಂದು. ಗೊಂದಲವೆಲ್ಲ ಅಲ್ಲೇ ಇದೆ.

ನಿಮ್ಮ ಮನೆಯವರ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಎಷ್ಟೋ ಮನೆಗಳಲ್ಲಿ ಗಂಡಂದಿರ, ಮಕ್ಕಳ ಜಿಮ್ ನಿಂತಿತು. 2025ರ ಮೇ ಕೊನೆಯಿಂದ ಸುಮಾರು 40 ದಿನಗಳಲ್ಲಿ ಹಾಸನ ಜಿಲ್ಲೆಯೊಂದರಲ್ಲೇ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ ಬಂದಾಗ ಜನ ಬೆಳಗಿನ ಜಾವವೇ ಎದ್ದು ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ಕಂಡದ್ದು ಹೊಸ ರೋಗವನ್ನಲ್ಲ. ಬಿಪಿ, ಸಕ್ಕರೆ, ಸಿಗರೇಟು, ಕುಡಿತ, ಕುಟುಂಬದಲ್ಲಿ ಬಂದ ಹೃದ್ರೋಗ, ಇವೇ ಹಳೆಯ ಕಾರಣಗಳು. ಸತ್ತವರಲ್ಲಿ ಹಲವರು ಆಟೊ, ಕ್ಯಾಬ್ ಓಡಿಸುವವರು ಎಂಬುದನ್ನೂ ಸಮಿತಿ ಗುರುತಿಸಿತು.

ಈ ಕೊನೆಯ ಮಾತು ಓದಿದಾಗ ನನಗೆ ಲಂಡನ್ನಿನ ಬಸ್ಸುಗಳು ನೆನಪಾದವು. ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಅಲ್ಲಿನ ಎರಡಂತಸ್ತಿನ ಬಸ್ಸುಗಳ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಮ್ಮಿ ಒಂದೇ ಸಂಬಳ. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯಾಘಾತ ಕಂಡಕ್ಟರ್‌ಗಳಲ್ಲಿ ಕಡಿಮೆ ಇತ್ತು, ಬಂದರೂ ಸಾವು ಕಡಿಮೆ ಇತ್ತು. ವ್ಯಾಯಾಮ ಮತ್ತು ಹೃದಯದ ನಂಟನ್ನು ಲೆಕ್ಕ ಹಾಕಿ ತೋರಿಸಿದ ಮೊದಲ ದೊಡ್ಡ ಅಧ್ಯಯನ ಅದು. ನೀವೂ ಅಂಗಡಿ ಗಲ್ಲಾದ ಮುಂದೆ ಕೂರುವವರು, ಅಲ್ವಾ? ಆ ಡ್ರೈವರ್‌ನ ಜಾಗದಲ್ಲಿ ಇದ್ದವರು ನಾಲ್ಕು ವರ್ಷದಿಂದ ಕಂಡಕ್ಟರ್ ಆಗಿದ್ದೀರಿ. ಅದನ್ನು ಬಿಟ್ಟು ಮತ್ತೆ ಡ್ರೈವರ್ ಸೀಟಿಗೆ ಹೋಗಿ ಅಂತ ನಾನು ಹೇಳುವುದಿಲ್ಲ.

ಓಟದ ಬಗ್ಗೆಯೇ ನೋಡುವುದಾದರೆ, ಅಮೆರಿಕದ ಡಲ್ಲಾಸ್‌ನಲ್ಲಿ 55 ಸಾವಿರಕ್ಕೂ ಹೆಚ್ಚು ಜನರನ್ನು ಸರಾಸರಿ 15 ವರ್ಷ ಗಮನಿಸಿದ ಅಧ್ಯಯನ 2014ರಲ್ಲಿ ಬಂತು. ಓಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ, ಓಡದವರಿಗಿಂತ ಶೇ 45ರಷ್ಟು ಕಡಿಮೆ ಇತ್ತು. ನನಗೆ ಇಷ್ಟವಾದದ್ದು ಅದರ ಇನ್ನೊಂದು ಮಾತು: ದಿನಕ್ಕೆ ಐದರಿಂದ ಹತ್ತು ನಿಮಿಷ ನಿಧಾನವಾಗಿ ಓಡುವವರಿಗೂ ದೊಡ್ಡ ಲಾಭ ಸಿಕ್ಕಿತ್ತು. ಅದಕ್ಕಿಂತ ಎಷ್ಟೋ ಜಾಸ್ತಿ ಓಡುವವರಿಗೆ ಅಷ್ಟೇ ಪ್ರಮಾಣದಲ್ಲಿ ಲಾಭ ಬೆಳೆಯಲಿಲ್ಲ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನವರು 50 ದಾಟಿದ ಓಟಗಾರರನ್ನೇ ಹಿಡಿದು 1984ರಿಂದ ನೋಡಿಕೊಂಡು ಬಂದರು. 19 ವರ್ಷದ ಹೊತ್ತಿಗೆ ಓಡುವವರ ಗುಂಪಿನಲ್ಲಿ ಶೇ 15 ಜನ ತೀರಿಕೊಂಡಿದ್ದರೆ, ಹೋಲಿಕೆಗೆ ಇಟ್ಟುಕೊಂಡ ಗುಂಪಿನಲ್ಲಿ ಶೇ 34. ಓಡುವವರು ಮೊದಲೇ ಸ್ವಲ್ಪ ಗಟ್ಟಿ ಜನ, ಸಿಗರೇಟು ಸೇದದವರು ಇರಬಹುದು. ಇಂಥ ಅಧ್ಯಯನಗಳಲ್ಲಿ ಆ ಸಂದೇಹ ಪೂರ್ತಿ ಹೋಗುವುದಿಲ್ಲ. ಆದರೂ ಬೇರೆ ಬೇರೆ ಊರು, ಬೇರೆ ಬೇರೆ ಕಾಲದಲ್ಲಿ ಉತ್ತರ ಒಂದೇ ದಿಕ್ಕಿಗೆ ಬೆರಳು ತೋರಿಸಿದೆ.

ಯಾಕೆ ಅಂತ ನಿಮ್ಮ ಮೈಯಲ್ಲೇ ನೋಡಬಹುದು. ಓಡಲು ಶುರು ಮಾಡುವ ಮುಂಚೆ ನಿಮ್ಮ ನಾಡಿ ಕೂತಾಗ ನಿಮಿಷಕ್ಕೆ 80 ಇತ್ತು ಎಂದುಕೊಳ್ಳಿ. ಈಗ 60 ಇರಬಹುದು. ನಿಮಿಷಕ್ಕೆ 20 ಬಡಿತ ಉಳಿಯಿತು. ದಿನಕ್ಕೆ ಲೆಕ್ಕ ಹಾಕಿದರೆ 28,800. ಅರ್ಧ ಗಂಟೆಯ ಓಟದಲ್ಲಿ ನೀವು ಹೆಚ್ಚಿಗೆ ಖರ್ಚು ಮಾಡಿದ್ದು ಎರಡು ಎರಡೂವರೆ ಸಾವಿರ ಬಡಿತ. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳಲು ಕಲಿತಿದೆ, ಅದಕ್ಕೇ ಈ ಉಳಿತಾಯ. ರಕ್ತನಾಳದ ಒಳಪದರ ಮೆತ್ತಗಾಗಿ ಹಿಗ್ಗುವ ಶಕ್ತಿ ಉಳಿಸಿಕೊಳ್ಳುತ್ತದೆ. ಬಿಪಿ ಸ್ವಲ್ಪ ಇಳಿಯುತ್ತದೆ. ತೊಡೆಯ, ಮೀನಖಂಡದ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಹೊಟ್ಟೆಯ ಕೊಬ್ಬು ಕರಗುತ್ತದೆ. ಇದು ನಮ್ಮವರಿಗೆ ತುಂಬಾ ಮುಖ್ಯ. ನೋಡಲು ಸಣಕಲು, ಹೊಟ್ಟೆ ಮಾತ್ರ ಮುಂದೆ. ಈ ಮೈಕಟ್ಟು ಹೃದಯಕ್ಕೆ ಒಳ್ಳೆಯದಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ನಡು ವಯಸ್ಸು, ಅಂದರೆ ಅರ್ಧ ಜನರಿಗೆ ಅದಕ್ಕೂ ಮುಂಚೆಯೇ ಬರುವ ವಯಸ್ಸು, 53. ಬೇರೆ ಕಡೆಯವರಿಗೆ ಹತ್ತಿರ ಹತ್ತಿರ 59. ನಿಮ್ಮ ತಂದೆಯ ವಯಸ್ಸನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಈಗ ಓಟ ಮಾಡದ ಕೆಲಸ. ಜಿಮ್ ಫಿಕ್ಸ್ ಎಂಬ ಅಮೆರಿಕದ ಲೇಖಕರ ವಿಷಯ ಹೇಳಬೇಕು. ಅವರ ತಂದೆಗೆ 35ಕ್ಕೆ ಹೃದಯಾಘಾತವಾಗಿ 43ಕ್ಕೆ ಸಾವು. ಮಗನೂ ದಪ್ಪ, ದಿನಕ್ಕೆ ಎರಡು ಪ್ಯಾಕ್ ಸಿಗರೇಟು. ಮೂವತ್ತೈದರ ಸುಮಾರಿಗೆ ಎಲ್ಲ ಬಿಟ್ಟು ಓಡಲು ಶುರು ಮಾಡಿದರು. ಇಪ್ಪತ್ತೈದು ಕೆ.ಜಿ.ಗೂ ಹೆಚ್ಚು ಇಳಿದರು. ಓಟದ ಬಗ್ಗೆ ಬರೆದು ಲಕ್ಷಾಂತರ ಜನರನ್ನು ರಸ್ತೆಗೆ ಇಳಿಸಿದರು. 1984ರ ಜುಲೈನಲ್ಲಿ, 52ನೇ ವಯಸ್ಸಿನಲ್ಲಿ, ಓಟಕ್ಕೆ ಹೋದಾಗ ರಸ್ತೆ ಬದಿಯಲ್ಲೇ ಸತ್ತರು. ಶವಪರೀಕ್ಷೆಯಲ್ಲಿ ಮೂರೂ ಮುಖ್ಯ ನಾಳಗಳು ಕಟ್ಟಿಕೊಂಡಿದ್ದವು. ಆಗ ಎಲ್ಲರೂ "ಓಟವೇ ಕೊಂದಿತು" ಎಂದರು. ನಾನು ಹಾಗೆ ಓದುವುದಿಲ್ಲ. ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದರು, ಅದರಲ್ಲಿ ಓಟದ ಪಾಲು ಇದ್ದಿರಬಹುದು. ಆದರೆ ರಕ್ತದಲ್ಲಿ ಬಂದದ್ದನ್ನು, ಹಳೆಯ ಸಿಗರೇಟು ನಾಳದಲ್ಲಿ ಬಿಟ್ಟುಹೋದದ್ದನ್ನು ಓಟ ತೊಳೆದು ಹಾಕಲಿಲ್ಲ. ನಿಮ್ಮ ಪತ್ರ ಓದುವಾಗ ನನಗೆ ಅವರು ನೆನಪಾದದ್ದು ಇದಕ್ಕೇ.

ಓಡುವವರು ತಮಗೆ ಹೃದಯದ ನಾಳದಲ್ಲಿ ಬ್ಲಾಕ್ ಬರುವುದೇ ಇಲ್ಲ ಅಂದುಕೊಳ್ಳುತ್ತಾರೆ. ನಾನು ನೋಡಿದಂತೆ ಅವರಿಗೆ ಕಾಯಿಲೆ ಬರುವುದಕ್ಕಿಂತ ತಡವಾಗಿ ತೋರಿಸುವುದೇ ಜಾಸ್ತಿ ತೊಂದರೆ ಮಾಡುತ್ತದೆ. ಕಾಲು ಗಟ್ಟಿ, ಶ್ವಾಸ ಗಟ್ಟಿ. ಸಣ್ಣ ಸೂಚನೆ ಬಂದರೆ "ನನಗೆಲ್ಲಿ ಬರುತ್ತೆ, ದಿನಾ ಐದು ಕಿಲೋಮೀಟರ್ ಓಡ್ತೀನಿ" ಅಂತ ತಳ್ಳಿಹಾಕುತ್ತಾರೆ. ಜೊತೆಗೆ ಕ್ರೀಡಾಂಗಣದಿಂದ ಸೀದಾ ಬೆಣ್ಣೆ ದೋಸೆಗೆ ಹೋಗುವುದೂ ಉಂಟು. 70 ಕೆ.ಜಿ. ತೂಕದವರು 5 ಕಿ.ಮೀ. ಓಡಿದರೆ ಸುಮಾರು 350 ಕ್ಯಾಲೊರಿ ಖರ್ಚು. ಒಂದು ಬೆಣ್ಣೆ ಮಸಾಲೆ ದೋಸೆಗೆ ಅದು ಸರಿಹೋಯಿತು.

ಹಾಗಾದರೆ ಓಡುತ್ತಿರುವಾಗಲೇ ಯಾಕೆ ಕೆಲವರು ಕುಸಿದು ಬೀಳುತ್ತಾರೆ? ಜೋರಾಗಿ ಶ್ರಮ ಪಡುವ ಆ ಹೊತ್ತಿನಲ್ಲಿ ಹೃದಯಾಘಾತದ ಸಾಧ್ಯತೆ ನಿಜವಾಗಿಯೂ ಏರುತ್ತದೆ. ಬಿಪಿ ಏರಿ, ಅಡ್ರಿನಲಿನ್ ಏರಿ, ನಾಳದ ಗೋಡೆಯಲ್ಲಿ ಮೊದಲೇ ಇದ್ದ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಯಾರಿಗೆ ಎಷ್ಟು ಏರುತ್ತದೆ ಎಂಬುದೇ ಪ್ರಶ್ನೆ. 1993ರ ಒಂದು ಅಮೆರಿಕನ್ ಅಧ್ಯಯನ ಇದನ್ನೇ ಅಳೆಯಿತು. ವಾರಕ್ಕೆ ಒಂದು ಸಲವೂ ಮೈ ದಂಡಿಸದವರು ಇದ್ದಕ್ಕಿದ್ದಂತೆ ಭಾರಿ ಶ್ರಮ ಪಟ್ಟರೆ, ಅದರ ಬೆನ್ನಿಗೇ ಹೃದಯಾಘಾತವಾಗುವ ಸಾಧ್ಯತೆ ನೂರು ಪಟ್ಟಿಗೂ ಮೀರಿ ಏರಿತು. ವಾರಕ್ಕೆ ಐದು ಸಲ ಅಥವಾ ಹೆಚ್ಚು ವ್ಯಾಯಾಮ ಮಾಡುವವರಲ್ಲಿ ಏರಿದ್ದು ಎರಡೂವರೆ ಪಟ್ಟು. ನೀವು ವಾರಕ್ಕೆ ಐದು ದಿನದವರು. ನಾನು ಹೆಚ್ಚು ಹೆದರುವುದು ವರ್ಷವೆಲ್ಲ ಕೂತಿದ್ದು ದೀಪಾವಳಿಗೆ ಒಂದೇ ಉಸಿರಿಗೆ ದೇವಿರಮ್ಮನ ಬೆಟ್ಟ ಹತ್ತುವ ಐವತ್ತರ ಗಂಡಸರಿಗೆ. ಊರಿನ ಟೂರ್ನಮೆಂಟಿನಲ್ಲಿ ಹಳೆಯ ಹುಮ್ಮಸ್ಸಿಗೆ ಕಬಡ್ಡಿಗೆ ಇಳಿಯುವವರಿಗೆ. ಹರಕೆ ಇರುವವರು ಬೆಟ್ಟ ಹತ್ತಲಿ. ಮೂರು ತಿಂಗಳ ಮುಂಚೆಯೇ ದಿನಾ ನಡೆಯಲು ಶುರು ಮಾಡಲಿ, ದಾರಿಯಲ್ಲಿ ಕೂತು ಕೂತು ಹತ್ತಲಿ.

ಹಾಫ್ ಮ್ಯಾರಥಾನ್ ಬಗ್ಗೆ ಕೇಳಿದ್ದೀರಿ. 2000ದಿಂದ 2010ರವರೆಗೆ ಅಮೆರಿಕದ ಮ್ಯಾರಥಾನ್, ಹಾಫ್ ಮ್ಯಾರಥಾನ್‌ಗಳಲ್ಲಿ ಓಡಿದ ಸುಮಾರು 1 ಕೋಟಿ 9 ಲಕ್ಷ ಜನರ ಲೆಕ್ಕ ಇದೆ. ಹೃದಯ ನಿಂತದ್ದು 59 ಜನರಿಗೆ. ಹೆಚ್ಚಿನವರು ಗಂಡಸರು. ಪೂರ್ತಿ ಮ್ಯಾರಥಾನ್‌ನಲ್ಲಿ ಅಪಾಯ ಹಾಫ್‌ಗಿಂತ ಜಾಸ್ತಿ. ಒಟ್ಟಿನಲ್ಲಿ ಅಪರೂಪ. ಆದರೆ ಅಪರೂಪದ ಆ ಪಟ್ಟಿಗೆ ಸೇರುವವರು ಯಾರು ಅಂದರೆ, ಮುಖ್ಯವಾಗಿ ಒಳಗೆ ಗೊತ್ತಿಲ್ಲದ ಹೃದ್ರೋಗ ಇರುವವರು. ಈಗ ನೀವು ಎದೆ ಉರಿ ಇಟ್ಟುಕೊಂಡು ಹೆಸರು ನೋಂದಾಯಿಸಬಾರದು. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದಾದರೆ ಆರು ತಿಂಗಳು ತಯಾರಿ ಮಾಡಿ, ಸಮಯದ ಹಟ ಬಿಟ್ಟು ಓಡಬಹುದು. ಹೃದಯದ ಲಾಭಕ್ಕಂತೂ 21 ಕಿ.ಮೀ. ಬೇಕಿಲ್ಲ. ಗೆಳೆಯರ ಜೊತೆಯ ಖುಷಿಗೆ ಓಡುವುದಾದರೆ ಅದು ಬೇರೆ ವಿಷಯ, ಅದಕ್ಕೂ ಬೆಲೆ ಇದೆ.

ತುಂಬಾ ವರ್ಷ ತುಂಬಾ ದೂರ ಓಡುವವರ ಬಗ್ಗೆ ಎರಡು ಮಾತು. ಐವತ್ತು ದಾಟಿದ ಮ್ಯಾರಥಾನ್ ಓಟಗಾರರಲ್ಲಿ ಹೃದಯದ ನಾಳಗಳಲ್ಲಿ ಕ್ಯಾಲ್ಸಿಯಂ ನಿರೀಕ್ಷೆಗಿಂತ ಹೆಚ್ಚು ಕಂಡುಬಂದಿದೆ. ಇದರ ಅರ್ಥವೇನು ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಹಾಗೆಯೇ ಸ್ವೀಡನ್ನಿನ 90 ಕಿ.ಮೀ. ಹಿಮಜಾರು ಸ್ಪರ್ಧೆಯಲ್ಲಿ ಹೆಚ್ಚು ಸಲ ಭಾಗವಹಿಸಿದವರಲ್ಲಿ ಹೃದಯದ ತಾಳ ತಪ್ಪುವ ತೊಂದರೆ ಹೆಚ್ಚಿತ್ತು. ನಿಮ್ಮ ವಾರದ 25 ಕಿ.ಮೀ.ಗೆ ಇದ್ಯಾವುದನ್ನೂ ತಲೆಗೆ ಹಚ್ಚಿಕೊಳ್ಳಬೇಡಿ.

ನಿಮ್ಮ ಟಿಎಂಟಿಗೆ ಬರೋಣ. ಎರಡು ವರ್ಷದ ಹಿಂದಿನ ನಾರ್ಮಲ್ ರಿಪೋರ್ಟ್ ಇವತ್ತಿನ ಉರಿಗೆ ಉತ್ತರ ಕೊಡುವುದಿಲ್ಲ. ಟಿಎಂಟಿ ಕಂಡುಹಿಡಿಯುವುದು ಓಡುವಾಗ ರಕ್ತ ಸಾಲದಾಗುವಷ್ಟು ಕಿರಿದಾದ ನಾಳವನ್ನು. ಅಂಥ ಬ್ಲಾಕ್ ಇರುವ ಹತ್ತು ಜನರಲ್ಲಿ ಸುಮಾರು ಮೂವರಲ್ಲಿ ಅದು ತಪ್ಪಿಹೋಗಬಹುದು. ಅರ್ಧಂಬರ್ಧ ಕಿರಿದಾದ ನಾಳ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಎಷ್ಟೋ ಹೃದಯಾಘಾತಗಳು ಅಂಥ ಅರ್ಧ ಕಿರಿದಾದ ಜಾಗದಲ್ಲೇ ಗಂಟು ಒಡೆದು ಆಗುತ್ತವೆ. ರಿಪೋರ್ಟನ್ನು ಫೈಲಿನಲ್ಲಿ ಹಾಕಿಕೊಂಡು ಹೋಗಿ, ಆದರೆ ಡಾಕ್ಟರ್ ಮುಂದೆ ಅದಕ್ಕಿಂತ ಮೊದಲು ಉರಿಯ ಕಥೆ ಹೇಳಿ. ಎಷ್ಟನೇ ಸುತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಎರಡು ತಿಂಗಳಲ್ಲಿ ಬೇಗ ಬೇಗ ಬರಲು ಶುರುವಾಗಿದೆಯಾ, ಎಲ್ಲ ಹೇಳಿ. ಅವರು ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ನೋಡಿ, ಸಿಟಿ ಆಂಜಿಯೋಗ್ರಾಮ್ (ಸ್ಕ್ಯಾನಿನಲ್ಲೇ ಹೃದಯದ ನಾಳ ನೋಡುವುದು) ಬೇಕಾ, ನೇರವಾಗಿ ನಾಳದೊಳಗೆ ಸಣ್ಣ ಕೊಳವೆ ಹಾಕಿ ನೋಡುವ ಆಂಜಿಯೋಗ್ರಾಮ್ ಬೇಕಾ ಅಂತ ತೀರ್ಮಾನಿಸುತ್ತಾರೆ.

ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ) ಮಾಡಿಸಿ. ಜೊತೆಗೆ ಲೈಪೋಪ್ರೋಟೀನ್ ಎ ಎಂಬುದನ್ನು ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಅದು ವಂಶದಿಂದ ಬರುವ ಕೊಬ್ಬಿನ ಕಣ. ನಮ್ಮವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜಾಸ್ತಿ ಇರುತ್ತದೆ. ಓಟದಿಂದಲೂ ಪಥ್ಯದಿಂದಲೂ ಇಳಿಯುವುದಿಲ್ಲ. ಅದು ಹೆಚ್ಚಿದ್ದರೆ ಎಲ್‌ಡಿಎಲ್ ಇಳಿಸುವ ಮಾತ್ರೆಯಲ್ಲಿ ನಾವು ಇನ್ನಷ್ಟು ಬಿಗಿ ಹಿಡಿಯುತ್ತೇವೆ. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮುಂಚೆ, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮುಂಚೆ ಹೃದಯಾಘಾತ ಆಗಿದ್ದರೆ ಅದನ್ನು ಕುಟುಂಬದ ಅಪಾಯ ಎಂದು ಲೆಕ್ಕಕ್ಕೆ ಹಿಡಿಯುತ್ತೇವೆ. ನಿಮ್ಮ ತಂದೆ ಆ ಲೆಕ್ಕಕ್ಕೆ ಬರುತ್ತಾರೆ. ನಿಮ್ಮ ತಮ್ಮಂದಿರಿದ್ದರೆ ಅವರಿಗೂ ಪರೀಕ್ಷೆ ಮಾಡಿಸಲು ಹೇಳಿ. ಡಾಕ್ಟರ್ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬರೆದರೆ "ಓಡ್ತೀನಲ್ಲ, ಮಾತ್ರೆ ಯಾಕೆ" ಅನ್ನಬೇಡಿ. ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ.

ಬ್ಲಾಕ್ ಇದ್ದು ಸ್ಟೆಂಟ್ ಹಾಕಿದರೂ ಓಟದ ಬಾಗಿಲು ಮುಚ್ಚುವುದಿಲ್ಲ. ವಾರಗಟ್ಟಲೆ ನಡಿಗೆ, ಆಮೇಲೆ ಬಿರುಸು ನಡಿಗೆ, ಆಮೇಲೆ ನಡೆಯುತ್ತಾ ಓಡುತ್ತಾ, ಡಾಕ್ಟರ್ ನೋಡಿ ಒಪ್ಪಿದಂತೆ. ಹಾಗೆ ಮರಳಿ ಓಡುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಓಡುವ ವೇಗಕ್ಕೆ ಒಂದು ಸುಲಭ ಅಳತೆ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು.

ನಮ್ಮೂರಿನ ಚಳಿಯ ಬಗ್ಗೆಯೂ ಹೇಳಬೇಕು. ಹೃದಯಾಘಾತಗಳು ಬೆಳಗಿನ ಆರರಿಂದ ಮಧ್ಯಾಹ್ನದೊಳಗೆ ಹೆಚ್ಚು. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಹಾಸನ, ಚಿಕ್ಕಮಗಳೂರಿನ ಡಿಸೆಂಬರ್, ಜನವರಿಯಲ್ಲಿ ಮಂಜು ಕವಿದ ಐದೂವರೆ ಗಂಟೆಗೆ ಹಾಸಿಗೆಯಿಂದ ಎದ್ದು ಸೀದಾ ಓಡುವುದು ಐವತ್ತು ದಾಟಿದವರಿಗೆ ಬೇಡ. ಬಿಸಿಲು ಬಿದ್ದ ಮೇಲೆ ಹೋಗಿ, ಇಲ್ಲ ಸಂಜೆ ಹೋಗಿ. ಹತ್ತು ನಿಮಿಷ ನಡೆದು ಮೈ ಕಾಯಿಸಿ. ಕಿವಿ, ಎದೆ ಬೆಚ್ಚಗಿರಲಿ. ಓಟ ಮುಗಿಸಿ ತಟ್ಟನೆ ನಿಲ್ಲಬೇಡಿ, ಐದು ನಿಮಿಷ ನಡೆಯಿರಿ. ಜ್ವರ ಇದ್ದಾಗ, ಜ್ವರ ಬಿಟ್ಟ ಒಂದು ವಾರ ಓಡಬೇಡಿ. ವೈರಸ್ ಹೃದಯದ ಸ್ನಾಯುವನ್ನು ಮುಟ್ಟಿದ್ದರೆ ಶ್ರಮ ಅಪಾಯ ತರುತ್ತದೆ.

ನಿಮ್ಮ ಬೆಳಗಿನ ಗೆಳೆಯರ ಗುಂಪಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಎದೆ ಒತ್ತುವ ಸಿಪಿಆರ್ ಎಲ್ಲರೂ ಕಲಿಯಿರಿ. ಯಾರಾದರೂ ಕುಸಿದು, ಅಲುಗಾಡಿಸಿದರೂ ಮಾತಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ, ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಅಂಗೈ ಇಟ್ಟು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಲಿ. ಆ ಮ್ಯಾರಥಾನ್ ಲೆಕ್ಕದಲ್ಲೂ ಬದುಕಿ ಉಳಿದವರನ್ನು ಉಳಿಸಿದ್ದು ಬಹುಪಾಲು ಪಕ್ಕದಲ್ಲಿದ್ದವರ ಕೈಗಳೇ. ಹೃದಯ ಬಡಿಯುತ್ತಿದ್ದು ಎದೆನೋವು ಮಾತ್ರ ಇದ್ದರೆ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿಯನ್ನು ಅಲ್ಲಿಂದಲೇ ತಜ್ಞರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಸಕಲೇಶಪುರದವರು, ಅರಕಲಗೂಡಿನವರು ದೊಡ್ಡ ಊರಿನ ಆಸ್ಪತ್ರೆಯೇ ಬೇಕು ಅಂತ ಮೊದಲ ಗಂಟೆಯನ್ನು ರಸ್ತೆಯಲ್ಲಿ ಕಳೆಯಬೇಡಿ.

ಮನೆಯವರ ಮಾತಿಗೆ ಬರುತ್ತೇನೆ. ಅವರು ಓಟದ ಬಗ್ಗೆ ಹೇಳಿದ್ದು ಪೂರ್ತಿ ಸರಿಯಿಲ್ಲ. ಆದರೆ ಈಗ ನಿಲ್ಲಿಸಿ ಎಂದದ್ದು ಸರಿಯಾದ ಹೊತ್ತಿಗೇ ಹೇಳಿದ್ದಾರೆ. ಎದೆ ಉರಿಯ ವಿಷಯ ಅವರಿಗೆ ಹೇಳಿದ್ದೀರಾ? ಪತ್ರದಲ್ಲಿ ಬರೆದ ರೀತಿ ನೋಡಿದರೆ ಹೇಳಿಲ್ಲ ಅನ್ನಿಸುತ್ತದೆ. ಇವತ್ತು ರಾತ್ರಿ ಹೇಳಿ. ಸೋಮವಾರ ಅಂಗಡಿಯನ್ನು ಯಾರಿಗಾದರೂ ಒಪ್ಪಿಸಿ, ಹಿಮ್ಸ್ (ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಗೋ ನಿಮಗೆ ಗೊತ್ತಿರುವ ಹೃದಯದ ಡಾಕ್ಟರ ಹತ್ತಿರವೋ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ಕೇಳಿದ್ದಕ್ಕೆ ನೀವು "ಏನಿಲ್ಲ ಸಾರ್, ಸ್ವಲ್ಪ ಗ್ಯಾಸ್" ಅಂದರೆ ಅವರು ಪಕ್ಕದಲ್ಲಿ ಕೂತು ಸರಿಯಾದದ್ದನ್ನು ಹೇಳುತ್ತಾರೆ. ರಿಪೋರ್ಟ್ ಬಂದ ಮೇಲೆ ನನಗೆ ಮತ್ತೆ ಬರೆಯಿರಿ. ಯಾವ ವೇಗದಲ್ಲಿ, ಎಷ್ಟು ಸುತ್ತಿನಿಂದ ಮತ್ತೆ ಶುರು ಮಾಡಬೇಕು ಎಂಬುದನ್ನು ಆಗ ಮಾತಾಡೋಣ.